ಬಾಗಿಲಿಲ್ಲದವರ ಚಿತ್ರಗಳು: ಅಮೆರಿಕದ ನಗರಗಳ ಮಾದಕವ್ಯಸನವೂ ಛಾಯಾಚಿತ್ರದ ಸಾಕ್ಷ್ಯವೂ

ಶಾಸನವೊಂದು ದೊರೆತೊಡನೆ ಅದನ್ನು ಬರೆಸಿದವರಾರು, ಯಾರ ಆಳಿಕೆಯಲ್ಲಿ ಬರೆಸಿದರು, ಯಾವ ದತ್ತಿಯ ಸಲುವಾಗಿ, ಕಲ್ಲು ಮೊದಲು ನೆಟ್ಟದ್ದು ಎಲ್ಲಿ ಎಂದು ಕೇಳುವುದು ಇತಿಹಾಸದ ವಿದ್ಯಾರ್ಥಿಗೆ ಮೊದಲ ವರ್ಷದಲ್ಲಿಯೇ ಅಭ್ಯಾಸವಾಗುತ್ತದೆ. ಆದರೆ ಛಾಯಾಚಿತ್ರವೊಂದು ಕೈಗೆ ಬಂದಾಗ ಅದೇ ವಿದ್ಯಾರ್ಥಿಯೂ, ಅವನೊಡನೆ ಅವನ ಅಧ್ಯಾಪಕರೂ, ಈ ಪ್ರಶ್ನೆಗಳನ್ನು ಬದಿಗಿಟ್ಟು, ಕಣ್ಣಿಗೆ ಕಂಡದ್ದಕ್ಕೆ ಬೇರೆ ಪ್ರಮಾಣವೇಕೆಂದು ಸುಮ್ಮನಾಗುವುದುಂಟು. ಈ ಉದಾಸೀನದಿಂದ ಎಂತಹ ತಪ್ಪು ನಿರ್ಣಯಗಳುಂಟಾಗಬಹುದೆಂಬುದನ್ನು ಒಂದು ನಿರ್ದಿಷ್ಟ ವಿಷಯದ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ನಾವು ಆರಿಸಿಕೊಂಡಿರುವ ವಿಷಯವೆಂದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ದೊಡ್ಡ ನಗರಗಳಲ್ಲಿ, ಮುಖ್ಯವಾಗಿ ನ್ಯೂಯಾರ್ಕಿನಲ್ಲಿ, ಅಫೀಮು, ಹೆರಾಯಿನ್, ಕೊಕೇನುಗಳಿಗೆ ದಾಸರಾದ ಬಡವರನ್ನು ಕುರಿತು ಸುಮಾರು ನೂರಮೂವತ್ತು ವರ್ಷಗಳಿಂದ ತೆಗೆಯುತ್ತ ಬಂದ ಛಾಯಾಚಿತ್ರಗಳು.

ಈ ಚಿತ್ರರಾಶಿಯನ್ನು ಸಾಲಾಗಿ ಇಟ್ಟುಕೊಂಡು ನೋಡಿದವರಿಗೆ ಮಾದಕವ್ಯಸನವೆಂಬುದು ಬಡವರ ರೋಗ, ಬೀದಿಯ ರೋಗ, ಅದರಲ್ಲಿಯೂ ಪರಕೀಯರ ಮತ್ತು ಕರಿಯರ ರೋಗ ಎಂಬ ಭಾವನೆ ಉಂಟಾಗದೆ ಇರದು. ಇದು ನಿಜವೆ? ನಮ್ಮ ಅಭಿಪ್ರಾಯದಲ್ಲಿ ಚಿತ್ರಗಳು ಸುಳ್ಳಲ್ಲ. ಆದರೆ ಅವು ಹೇಳುತ್ತಿರುವುದು ವ್ಯಸನದ ವ್ಯಾಪ್ತಿಯನ್ನಲ್ಲ, ಯಾರ ಮನೆಗೆ ಕದವಿರಲಿಲ್ಲವೋ ಅವರ ವೃತ್ತಾಂತವನ್ನು. ಛಾಯಾಗ್ರಾಹಕನು ಹೋದದ್ದು ಅವನನ್ನು ತಡೆಯುವ ಬಾಗಿಲಿಲ್ಲದ ಸ್ಥಳಗಳಿಗೆ.

ಮೊದಲು ಚಿತ್ರವೇ ಇಲ್ಲದ ಒಂದು ಸಮುದಾಯವನ್ನು ನೆನೆಯೋಣ. 1878ರಲ್ಲಿ ಮಿಷಿಗನ್ ಸಂಸ್ಥಾನದಲ್ಲಿ ಅಫೀಮು ಮತ್ತು ಮಾರ್ಫಿಯಾ ಸೇವಿಸುವವರನ್ನು ಎಣಿಸುವ ಪ್ರಯತ್ನವೊಂದು ನಡೆಯಿತು. ಲೆಕ್ಕಕ್ಕೆ ಸಿಕ್ಕ 1313 ಮಂದಿಯಲ್ಲಿ 803 ಮಂದಿ ಹೆಂಗಸರು. ಎರಡು ವರ್ಷಗಳ ತರುವಾಯ ಷಿಕಾಗೋ ನಗರದ ಔಷಧದಂಗಡಿಗಳನ್ನು ವಿಚಾರಿಸಿದಾಗ ಸಿಕ್ಕ 235 ಮಂದಿಯಲ್ಲಿಯೂ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿ ಹೆಂಗಸರೇ. ಆ ಕಾಲದ ಅಮೆರಿಕದ ಪ್ರಾತಿನಿಧಿಕ ವ್ಯಸನಿಯು ಕತ್ತಲೆಯ ಅಡ್ಡೆಯಲ್ಲಿ ಒರಗಿದ ಚೀನೀಯನಲ್ಲ. ನೋವಿಗೆಂದೋ ನಿದ್ರೆಗೆಂದೋ ವೈದ್ಯನು ಬರೆದುಕೊಟ್ಟ ಔಷಧಿಯಿಂದ ಚಟಕ್ಕೆ ಬಿದ್ದ, ಮಧ್ಯವಯಸ್ಸಿನ, ಅನುಕೂಲಸ್ಥ ಮನೆತನದ ಬಿಳಿಯ ಗೃಹಿಣಿ. ಇದನ್ನು ಇತಿಹಾಸಕಾರ ಡೇವಿಡ್ ಕೋರ್ಟ್‌ರೈಟ್ 1982ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಸ್ಥಾಪಿಸಿದ್ದಾರೆ. ಆದರೆ ಆ ಗೃಹಿಣಿಯು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಸೀಸೆಯ ಬಿರಡೆ ತೆಗೆಯುತ್ತಿರುವ ಛಾಯಾಚಿತ್ರ ನಮ್ಮ ಕಣ್ಣಿಗೆ ಒಂದೂ ಬಿದ್ದಿಲ್ಲ. ಆಕೆಯ ವಿಷಯ ನಮಗೆ ತಿಳಿಯುವುದು ಔಷಧದಂಗಡಿಗಳ ಹಾಗೂ ವೈದ್ಯರ ಲೆಕ್ಕಗಳಿಂದ.

ಇನ್ನು ಚಿತ್ರವಿರುವವರ ಕಡೆಗೆ ಬರೋಣ. ಜೇಕಬ್ ರೀಸ್ 1849ರಲ್ಲಿ ಡೆನ್ಮಾರ್ಕಿನ ರೀಬೆ ಎಂಬ ಊರಿನಲ್ಲಿ ಹುಟ್ಟಿ, 1870ರಲ್ಲಿ ಅಮೆರಿಕಕ್ಕೆ ಬಂದವನು. ಕೆಲಸವಿಲ್ಲದೆ ಅಲೆದು, ಪೋಲೀಸ್ ಠಾಣೆಯ ಧರ್ಮಶಾಲೆಯಲ್ಲಿ ಮಲಗಿ, ಕೊನೆಗೆ ಪತ್ರಿಕೆಯ ಪೋಲೀಸ್ ವರದಿಗಾರನಾದನು. ನ್ಯೂಯಾರ್ಕಿನ ಮಲ್ಬೆರಿ ಬೀದಿಯ ಸುತ್ತಣ ವಠಾರಗಳ ಸ್ಥಿತಿ ಅವನಿಗೆ ಅಂಗೈ ನೆಲ್ಲಿಯಾಗಿದ್ದಿತು. ಆದರೆ ಬರೆದು ತಿಳಿಸಿದರೆ ನಂಬುವವರಿರಲಿಲ್ಲ. 1887ರಲ್ಲಿ ಮೀಟೆ ಮತ್ತು ಗೇಡಿಕೆ ಎಂಬ ಇಬ್ಬರು ಜರ್ಮನರು ಮೆಗ್ನೀಸಿಯಂ ಪುಡಿಗೆ ಬೇರೆ ರಾಸಾಯನಿಕಗಳನ್ನು ಬೆರೆಸಿ ಕ್ಷಣಮಾತ್ರದಲ್ಲಿ ಹಗಲಿನಂತಹ ಬೆಳಕನ್ನುಂಟುಮಾಡುವ ಉಪಾಯವನ್ನು ಕಂಡುಹಿಡಿದರು. ಈ ಸುದ್ದಿಯನ್ನು ಓದಿದ ರೀಸ್ ಆರೋಗ್ಯ ಇಲಾಖೆಯ ಡಾಕ್ಟರ್ ನೇಗಲ್ ಎಂಬುವರನ್ನೂ, ಪಿಫರ್ಡ್, ಲಾರೆನ್ಸ್ ಎಂಬ ಹವ್ಯಾಸಿ ಛಾಯಾಗ್ರಾಹಕರನ್ನೂ ಜತೆಗೆ ಕೂಡಿಸಿಕೊಂಡು ನಡುರಾತ್ರಿಯಲ್ಲಿ ಕೊಳಚೆ ಕೇರಿಗಳನ್ನು ಹೊಗತೊಡಗಿದನು. ಪುಡಿಯನ್ನು ತುಂಬಿದ ತೋಟೆಗಳನ್ನು ಪಿಸ್ತೂಲಿನಿಂದ ಹಾರಿಸುತ್ತಿದ್ದರು. ಕತ್ತಲಲ್ಲಿ ಪಿಸ್ತೂಲು ಹಿಡಿದು ನುಗ್ಗಿದ ಈ ಅಪರಿಚಿತರನ್ನು ಕಂಡು ಒಳಗಿದ್ದವರು ಕಿಟಕಿಯಿಂದ ಹಾರಿ ಓಡುತ್ತಿದ್ದರೆಂದು ರೀಸನೇ 1901ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಮುಂದೆ ಪಿಸ್ತೂಲನ್ನು ಬಿಟ್ಟು ಬಾಣಲೆಯಲ್ಲಿ ಪುಡಿಯನ್ನು ಉರಿಸುವ ಕ್ರಮವನ್ನು ಹಿಡಿದನು. ಒಮ್ಮೆ ಕುರುಡ ಭಿಕ್ಷುಕರಿದ್ದ ಕೋಣೆಯಲ್ಲಿ ಕಿಡಿ ಹಾರಿ ಬೆಂಕಿ ಹತ್ತಿಕೊಂಡಿತು; ಅದನ್ನು ಅವನೇ ಬಡಿದು ಆರಿಸಬೇಕಾಯಿತು. ನೋಡಲಾರದವರನ್ನು ನೋಡುವುದಕ್ಕಾಗಿ ಹೊತ್ತಿಸಿದ ಬೆಂಕಿ ಅದು.

1890ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಚೀನೀಯರ ಕೇರಿಗೇ ಮೀಸಲಾದ ಒಂದು ಅಧ್ಯಾಯವಿದೆ. ಅಲ್ಲಿ ಅಫೀಮಿನ ಅಡ್ಡೆಯೊಂದರ ಚಿತ್ರವೂ ಉಂಟು. ಹಲಗೆಯ ಮಂಚದ ಮೇಲೆ ಕೊಳವೆ ಹಿಡಿದು ಒರಗಿದ ಮನುಷ್ಯನನ್ನು ಕಂಡರೆ ಓದುಗನಿಗೆ ಹೇವರಿಕೆಯೂ ಭಯವೂ ಆಗಬೇಕೆಂಬುದು ಅಧ್ಯಾಯದ ಧೋರಣೆ. ವಠಾರದ ಇಟಲಿಯವರಿಗೂ ಐರಿಷರಿಗೂ ದೊರೆತಷ್ಟು ಕನಿಕರವೂ ಚೀನೀಯನಿಗೆ ಅಲ್ಲಿ ದೊರೆಯುವುದಿಲ್ಲ. ಚೀನೀ ಕೂಲಿಗಳು ದೇಶಕ್ಕೆ ಬರುವುದನ್ನು ನಿಷೇಧಿಸಿದ ಕಾನೂನು 1882ರಷ್ಟು ಹಿಂದೆಯೇ ಜಾರಿಗೆ ಬಂದಿದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. ಚಿತ್ರವು ಆ ದ್ವೇಷವನ್ನು ಹುಟ್ಟಿಸಲಿಲ್ಲ. ಇದ್ದ ದ್ವೇಷಕ್ಕೆ ಸಾಕ್ಷಿಯಾಗಿ ನಿಂತಿತು.

ಹೀಗೆಂದು ರೀಸನನ್ನು ತಳ್ಳಿಹಾಕುವುದು ನ್ಯಾಯವಲ್ಲ. ಅವನ ಹೋರಾಟದ ಫಲವಾಗಿ ಮಲ್ಬೆರಿ ಬೆಂಡ್ ಎಂಬ ಹೊಲಸು ಕೇರಿಯನ್ನು ಕೆಡವಿ 1897ರಲ್ಲಿ ಅಲ್ಲೊಂದು ಉದ್ಯಾನವನ್ನು ತೆರೆಯಲಾಯಿತು. ಅವನ ಮಿತ್ರನಾದ ಥಿಯೊಡೋರ್ ರೂಸ್‌ವೆಲ್ಟ್ ಪೋಲೀಸ್ ಆಯೋಗದಲ್ಲಿದ್ದಾಗ, 1896ರಲ್ಲಿ, ಠಾಣೆಗಳ ಆ ಕುಖ್ಯಾತ ಧರ್ಮಶಾಲೆಗಳು ಮುಚ್ಚಿದುವು. ಗಾಳಿಬೆಳಕಿಲ್ಲದ ಕೋಣೆಯ ಚಿತ್ರ ಗಾಳಿಬೆಳಕಿರುವ ಕೋಣೆಗೆ ದಾರಿ ಮಾಡಿತು. ಅಫೀಮುಕೋರನ ಚಿತ್ರದಿಂದ ಅವನಿಗೆ ಚಿಕಿತ್ಸೆಯೇನೂ ದೊರೆಯಲಿಲ್ಲ. 1909ರಲ್ಲಿ ಸೇದುವ ಅಫೀಮಿನ ಆಮದು ನಿಷೇಧವಾಯಿತು, 1914ರ ಹ್ಯಾರಿಸನ್ ಕಾನೂನಿನ ತರುವಾಯ ವ್ಯಸನಿಯೇ ಅಪರಾಧಿಯಾಗುತ್ತ ಬಂದನು. ಕೋಣೆಯ ದೋಷವನ್ನು ಚಿತ್ರಿಸಿದಾಗ ಕೋಣೆ ಬದಲಾಗುತ್ತದೆ, ಮನುಷ್ಯನ ದೋಷವೆಂದು ಚಿತ್ರಿಸಿದಾಗ ಮನುಷ್ಯನು ಸೆರೆಮನೆಗೆ ಹೋಗುತ್ತಾನೆ ಎಂಬುದು ಈ ಎರಡು ಫಲಗಳನ್ನು ಹೋಲಿಸಿದಾಗ ನಮಗೆ ತೋರುವ ಸಂಗತಿ. ರೀಸನ ಗಾಜಿನ ಫಲಕಗಳು ಬಹುಕಾಲ ಮರೆಯಾಗಿದ್ದು, ಅಲೆಗ್ಜಾಂಡರ್ ಆಲಂಡ್ ಎಂಬ ಛಾಯಾಗ್ರಾಹಕರ ಪ್ರಯತ್ನದಿಂದ ನ್ಯೂಯಾರ್ಕ್ ನಗರ ವಸ್ತುಸಂಗ್ರಹಾಲಯವನ್ನು ಸೇರಿ 1947ರಲ್ಲಿ ಪ್ರದರ್ಶಿತವಾದುವು. ಇಂದು ಪಠ್ಯಪುಸ್ತಕಗಳಲ್ಲಿ ನಾವು ಕಾಣುವ ರೀಸ್ ಬಹುಮಟ್ಟಿಗೆ ಈ ಎರಡನೆಯ ಜನ್ಮದ ರೀಸ್.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಛಾಯಾಗ್ರಾಹಕನ ಕೈಗೆ ಚಿಕ್ಕ ಕ್ಯಾಮರಾ ಬಂದಿತು. 1954ರಿಂದ ಕೊಡಕ್ ಸಂಸ್ಥೆಯ ಟ್ರೈ-ಎಕ್ಸ್ ಫಿಲ್ಮು ಅದಕ್ಕೆ ಒದಗಿತು. ಮಂದ ಬೆಳಕಿನಲ್ಲಿಯೂ ಬೆಂಕಿಯ ಹಂಗಿಲ್ಲದೆ ಚಿತ್ರ ತೆಗೆಯುವುದು ಸುಲಭವಾಯಿತು. ಇದು ಬರಿಯ ಯಂತ್ರದ ವಿಷಯವಲ್ಲ. ಮಿಂಚು ಹೊಡೆದು ಓಡಬೇಕಾಗಿದ್ದವನು ಇನ್ನು ಅಲ್ಲೇ ಕುಳಿತಿರಬಹುದಾಯಿತು.

1957ರ ಸೆಪ್ಟೆಂಬರ್ 9ರ ‘ಲೈಫ್’ ಪತ್ರಿಕೆಯಲ್ಲಿ ಗಾರ್ಡನ್ ಪಾರ್ಕ್ಸ್ ಎಂಬ ಕರಿಯ ಛಾಯಾಗ್ರಾಹಕರು ನಾಲ್ಕು ನಗರಗಳ ಅಪರಾಧಜೀವನವನ್ನು ಬಣ್ಣದಲ್ಲಿ ಚಿತ್ರಿಸಿದರು. ತೋಳಿಗೆ ಸೂಜಿ ಚುಚ್ಚಿಕೊಳ್ಳುವ ಚಿತ್ರವೂ ಅವುಗಳಲ್ಲಿದೆ. ನಮಗೆ ಹೆಚ್ಚು ಮುಖ್ಯವಾಗಿ ಕಾಣುವುದು ಷಿಕಾಗೋವಿನ ಇನ್ನೊಂದು ಚಿತ್ರ: ಪತ್ತೇದಾರರು ಬಾಗಿಲೊಂದನ್ನು ಒದೆಯುತ್ತಿದ್ದಾರೆ, ಪಾರ್ಕ್ಸ್ ಅವರ ಹಿಂದೆ ನಿಂತಿದ್ದಾರೆ. ತಾವು ಹೇಗೆ ಒಳಹೊಕ್ಕೆವೆಂಬುದನ್ನು ರೀಸ್ ಬರೆದು ತಿಳಿಸಿದನು. ಪಾರ್ಕ್ಸ್ ಅದನ್ನೇ ಚಿತ್ರವಾಗಿಸಿದರು. ಆಕರದ ಪ್ರಾಮಾಣ್ಯವನ್ನು ಆಕರವೇ ನುಡಿಯುವ ಇಂತಹ ಸಂದರ್ಭಗಳು ವಿರಳ.

ಅದೇ ಪತ್ರಿಕೆಯ 1965ರ ಫೆಬ್ರುವರಿ 26ರ ಸಂಚಿಕೆಯಲ್ಲಿ ಬಿಲ್ ಎಪ್ರಿಜ್ ಅವರ ಚಿತ್ರಗಳೂ ಜೇಮ್ಸ್ ಮಿಲ್ಸ್ ಅವರ ಬರವಣಿಗೆಯೂ ಕೂಡಿ ಹೆರಾಯಿನ್ ವ್ಯಸನಿಗಳಾದ ಒಬ್ಬ ತರುಣ ಮತ್ತು ಒಬ್ಬ ತರುಣಿಯ ವೃತ್ತಾಂತ ಪ್ರಕಟವಾಯಿತು. ಬ್ರಾಡ್ವೇ ಮತ್ತು 72ನೆಯ ಬೀದಿ ಕೂಡುವ ಷರ್ಮನ್ ಚೌಕಕ್ಕೆ ಅಲ್ಲಿನವರು ಸೂಜಿಯ ಉದ್ಯಾನವೆಂದು ಅಡ್ಡಹೆಸರಿಟ್ಟಿದ್ದರು. ಛಾಯಾಗ್ರಾಹಕನೂ ಲೇಖಕನೂ ಆ ಜೋಡಿಯೊಡನೆ ಬೀದಿಯಲ್ಲಿ, ಅಗ್ಗದ ಹೋಟೆಲು ಕೋಣೆಗಳಲ್ಲಿ, ಆಸ್ಪತ್ರೆಯಲ್ಲಿ ಬಹುದಿನ ಕಳೆದರು. ಹಿಂದಿನ ಅಫೀಮುಕೋರನಂತೆ ಇವರು ಒಂದು ಜಾತಿಯ ಮಾದರಿಗಳಲ್ಲ. ಪರಸ್ಪರ ಪ್ರೀತಿಯುಳ್ಳ, ಒಬ್ಬರನ್ನೊಬ್ಬರು ಕಾಯುವ, ಸುಳ್ಳು ಹೇಳುವ, ಕಳ್ಳತನಕ್ಕೂ ಇಳಿಯುವ ಇಬ್ಬರು ಮನುಷ್ಯರು. ಅವರು ಬಿಳಿಯರಾಗಿದ್ದುದು ಪತ್ರಿಕೆಯ ಓದುಗರನ್ನು ಇಷ್ಟು ಕಲಕುವುದಕ್ಕೆ ಒಂದು ಕಾರಣವಾಗಿರಬಹುದೆಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಒಂದು ಚಿತ್ರದಲ್ಲಿ, ಪ್ರಮಾಣ ಮೀರಿ ಎಚ್ಚರ ತಪ್ಪುತ್ತಿರುವ ಸಂಗಾತಿಯೊಬ್ಬನನ್ನು ಆ ತರುಣಿ ಉಳಿಸಿಕೊಳ್ಳಲು ಹೆಣಗುತ್ತಿದ್ದಾಳೆ. ಆಗ ಕೋಣೆಯಲ್ಲಿದ್ದ ಛಾಯಾಗ್ರಾಹಕನ ಕೈಗಳು ಕ್ಯಾಮರಾದ ಮೇಲಿದ್ದುವು. ಇದನ್ನು ನೋಡಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಕೇಳುವ ಪ್ರಶ್ನೆ ಒಂದೇ, ಅದಕ್ಕೆ ನಮ್ಮಲ್ಲಿ ಸಿದ್ಧವಾದ ಉತ್ತರವಿಲ್ಲ. ಇದೇ ಎಪ್ರಿಜ್ 1968ರ ಜೂನಿನಲ್ಲಿ ಗುಂಡೇಟು ತಗುಲಿ ನೆಲದ ಮೇಲೆ ಬಿದ್ದಿದ್ದ ರಾಬರ್ಟ್ ಕೆನೆಡಿಯವರ ಚಿತ್ರವನ್ನೂ ತೆಗೆದರು. ಅಲ್ಲಿ ಈ ಪ್ರಶ್ನೆಯನ್ನು ಅಷ್ಟು ತೀವ್ರವಾಗಿ ಯಾರೂ ಕೇಳುವುದಿಲ್ಲವೆಂಬುದು ಯೋಚನೆಗೆ ಎಡೆಗೊಡುತ್ತದೆ.

ಆದರೆ 1965ನೆಯ ವರ್ಷಕ್ಕೆ ಬೇರೊಂದು ಮಹತ್ವವೂ ಉಂಟು. ಆ ವರ್ಷದ ಆಗಸ್ಟಿನಲ್ಲಿ ಅದೇ ನ್ಯೂಯಾರ್ಕ್ ನಗರದ ವೈದ್ಯರಾದ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಅವರು ಮೆಥಡೋನ್ ಎಂಬ ಔಷಧಿಯನ್ನು ದಿನವೂ ಕೊಟ್ಟು 22 ಮಂದಿ ಹೆರಾಯಿನ್ ವ್ಯಸನಿಗಳನ್ನು ಕೆಲಸಕ್ಕೂ ಓದಿಗೂ ಮರಳುವಂತೆ ಮಾಡಿದ ಪ್ರಯೋಗದ ವರದಿಯನ್ನು ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ವ್ಯಸನ ಚಿಕಿತ್ಸೆಯ ಚರಿತ್ರೆಯಲ್ಲಿ ಇದು ಯುಗಪ್ರವರ್ತಕವಾದ ಘಟನೆ. ಆದರೆ ಜನಮನದಲ್ಲಿ ನಿಂತದ್ದು ಸೂಜಿಯ ಉದ್ಯಾನ: ಮಿಲ್ಸ್ ಅದರ ಮೇಲೆ 1966ರಲ್ಲಿ ಕಾದಂಬರಿ ಬರೆದರು, 1971ರಲ್ಲಿ ಅದು ಚಲನಚಿತ್ರವೂ ಆಯಿತು. ಬೆಳಗ್ಗೆ ಎದ್ದು ಹಣ್ಣಿನ ರಸದಲ್ಲಿ ಔಷಧಿ ಕುಡಿದು ಕೆಲಸಕ್ಕೆ ಹೋಗುವವನ ಚಿತ್ರವನ್ನು ಯಾವ ಪತ್ರಿಕೆ ತಾನೆ ಎರಡು ಪುಟಕ್ಕೆ ಹರಡೀತು? ಅವನು ಚಿತ್ರದಲ್ಲಿ ನಿಮ್ಮಂತೆಯೂ ನಮ್ಮಂತೆಯೂ ಕಾಣುತ್ತಾನೆ. ಚೇತರಿಸಿಕೊಂಡವನಿಗೆ ಬಾಗಿಲು ಮರಳಿ ಬರುತ್ತದೆ. ಬಾಗಿಲು ಬಂದೊಡನೆ ಚಿತ್ರ ನಿಲ್ಲುತ್ತದೆ. 1973ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಗವರ್ನರ್ ನೆಲ್ಸನ್ ರಾಕ್‌ಫೆಲರ್ ಕೆಲವು ಔನ್ಸ್ ಮಾದಕ ವಸ್ತುವಿಗೆ ಹದಿನೈದು ವರ್ಷದಿಂದ ಆಜೀವದವರೆಗೆ ಸೆರೆವಾಸವನ್ನು ವಿಧಿಸುವ ಕಾನೂನನ್ನು ತಂದಾಗ, ಅದನ್ನು ಬೆಂಬಲಿಸಿದ ಸಾಮಾನ್ಯ ಪೌರನ ಕಣ್ಣಮುಂದೆ ಇದ್ದ ಚಿತ್ರಗಳು ಯಾವ ಬಗೆಯವೆಂದು ಊಹಿಸುವುದು ಕಷ್ಟವಲ್ಲ. ಆ ಕಾನೂನನ್ನು ಗಣನೀಯವಾಗಿ ಸಡಿಲಿಸಲು 2009ರವರೆಗೆ ಕಾಯಬೇಕಾಯಿತು.

ಒಳಗಿನವನೇ ಕ್ಯಾಮರಾ ಹಿಡಿದ ಉದಾಹರಣೆಗಳೂ ಇಲ್ಲದಿಲ್ಲ. ಲ್ಯಾರಿ ಕ್ಲಾರ್ಕ್ 1971ರಲ್ಲಿ ಪ್ರಕಟಿಸಿದ ‘ಟಲ್ಸಾ’ ಎಂಬ ಗ್ರಂಥದಲ್ಲಿ ತನ್ನೂರಿನ ಗೆಳೆಯರನ್ನು ತೋರಿಸಿದನು. ತಾನೂ ಅವರೊಡನೆ ಚುಚ್ಚಿಕೊಳ್ಳುತ್ತಿದ್ದವನು. ನಮ್ಮ ದೇಶದಲ್ಲಿ ದೆಹಲಿಯ ಪಾಬ್ಲೋ ಬಾರ್ಥೊಲೊಮ್ಯೂ ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ ಮಾರ್ಫಿಯಾ ವ್ಯಸನಿಗಳನ್ನು ಕುರಿತು ತೆಗೆದ ಚಿತ್ರಮಾಲೆಗೆ 1976ರಲ್ಲಿ ವಿಶ್ವ ಪತ್ರಿಕಾ ಛಾಯಾಚಿತ್ರ ಪ್ರಶಸ್ತಿ ದೊರೆಯಿತು. ಇವೆರಡೂ ಬೇರೆ ಅಧ್ಯಯನಕ್ಕೆ ತಕ್ಕ ವಿಷಯಗಳು. ಇಲ್ಲಿ ಹೆಸರಿಸಿ ಮುಂದೆ ಹೋಗುತ್ತೇವೆ.

ವಿವಾದ ಅತ್ಯಂತ ತೀವ್ರವಾದದ್ದು ಯೂಜೀನ್ ರಿಚರ್ಡ್ಸ್ ಅವರ ಗ್ರಂಥದಿಂದ. ಕೊಕೇನನ್ನು ಕುರಿತ ಈ ಗ್ರಂಥ 1994ರಲ್ಲಿ ಅಪರ್ಚರ್ ಪ್ರಕಾಶನದಿಂದ ಹೊರಬಂದಿತು. ಬ್ರೂಕ್ಲಿನ್ನಿನ ಈಸ್ಟ್ ನ್ಯೂಯಾರ್ಕ್ ಮತ್ತು ರೆಡ್ ಹುಕ್, ಫಿಲಡೆಲ್ಫಿಯಾದ ಉತ್ತರ ಭಾಗ, ಈ ಮೂರು ಬಡ ವಸತಿಗಳಲ್ಲಿ ರಿಚರ್ಡ್ಸ್ ಕೆಲಸ ಮಾಡಿದರು. ಹಲ್ಲಿನಲ್ಲಿ ಸೂಜಿಯನ್ನು ಕಚ್ಚಿ ಹಿಡಿದ ಹೆಂಗಸಿನ ಮುಖ ಆ ಗ್ರಂಥದ ಗುರುತೇ ಆಗಿಹೋಯಿತು. ಚಿತ್ರದಲ್ಲಿರುವವರ ಮಾತುಗಳನ್ನೂ ಅವರು ದೀರ್ಘವಾಗಿ ದಾಖಲಿಸಿದ್ದಾರೆ. ಇವರನ್ನು ಇಣುಕುನೋಟದ ಛಾಯಾಗ್ರಾಹಕರೆಂದು ಕರೆಯುವುದು ಸರಿಯಲ್ಲ. ಆದರೂ ಚಿತ್ರಿತರಾದವರು ಬಹುಪಾಲು ಕರಿಯರೂ ಸ್ಪ್ಯಾನಿಷ್ ಮೂಲದವರೂ ಆಗಿದ್ದುದರಿಂದ, ಇದು ಜನಾಂಗವೊಂದಕ್ಕೆ ಕಳಂಕ ಹಚ್ಚುತ್ತದೆಯೆಂಬ ಆಕ್ಷೇಪ ಬಲವಾಗಿ ಕೇಳಿಬಂದಿತು. ಕಂಡದ್ದನ್ನು ತೋರಿಸಿದ್ದಾರೆಂಬುದು ಸಮರ್ಥಕರ ಪಕ್ಷ.

ಈ ವಾದದಲ್ಲಿ ಕಲಾವಿಮರ್ಶೆಗಿಂತ ನ್ಯಾಯಾಲಯದ ಕಡತ ನಮಗೆ ಹೆಚ್ಚು ಸಹಾಯ ಮಾಡುತ್ತದೆ. 1986ರ ಕೇಂದ್ರ ಕಾನೂನಿನಲ್ಲಿ ಐದು ವರ್ಷಗಳ ಕನಿಷ್ಠ ಸೆರೆವಾಸಕ್ಕೆ ಕೊಕೇನ್ ಪುಡಿಯಾದರೆ 500 ಗ್ರಾಂ ಬೇಕಾಗಿದ್ದಿತು, ಅದರಿಂದಲೇ ತಯಾರಾಗುವ ಕ್ರ್ಯಾಕ್ ಎಂಬ ಹರಳಾದರೆ 5 ಗ್ರಾಂ ಸಾಕಾಗಿದ್ದಿತು. ಪುಡಿಯು ಹಣವಂತರ ವಸ್ತು. ಹರಳು ಬಿಡಿಯಾಗಿ ಬೀದಿಯಲ್ಲಿ ಮಾರಾಟವಾಗುವುದು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಆರ್ಮ್‌ಸ್ಟ್ರಾಂಗ್ ಮೊಕದ್ದಮೆಯ ಭಿನ್ನಮತದ ತೀರ್ಪಿನಲ್ಲಿ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಅವರು ಕೊಟ್ಟ ಅಂಕಿಗಳು ಇವು: ಕ್ರ್ಯಾಕ್ ಸೇವಿಸಿದವರಲ್ಲಿ ನೂರಕ್ಕೆ 65 ಮಂದಿ ಬಿಳಿಯರು; ಆದರೆ 1993ರಲ್ಲಿ ಅದರ ಮಾರಾಟಕ್ಕಾಗಿ ಕೇಂದ್ರ ನ್ಯಾಯಾಲಯಗಳಲ್ಲಿ ಶಿಕ್ಷೆಗೊಳಗಾದವರಲ್ಲಿ ಬಿಳಿಯರು ನೂರಕ್ಕೆ 4, ಕರಿಯರು 88. ಸೇವನೆಯೂ ಮಾರಾಟವೂ ಒಂದೇ ಅಲ್ಲವೆಂಬುದನ್ನು ಒಪ್ಪಿದರೂ ಈ ಅಂತರ ಕಣ್ಣು ಕುಕ್ಕುವಂತಹುದು. ರಿಚರ್ಡ್ಸ್ ಅವರ ಚಿತ್ರಗಳನ್ನು ಸೇವಿಸಿದವರ ಲೆಕ್ಕದ ಪಕ್ಕದಲ್ಲಿಟ್ಟರೆ ಅವು ವಿಕೃತ. ಸೆರೆ ಸೇರಿದವರ ಲೆಕ್ಕದ ಪಕ್ಕದಲ್ಲಿಟ್ಟರೆ ತಾಳೆಯಾಗುತ್ತವೆ. ಕ್ಯಾಮರಾ ಮತ್ತು ಪೋಲೀಸು ಎರಡೂ ಒಂದೇ ಕೇರಿಗೆ ಹೋದುವು, ಎರಡಕ್ಕೂ ಕಾರಣ ಒಂದೇ. ಕಾನೂನಿನ ಆ ನೂರಕ್ಕೆ ಒಂದರ ಪ್ರಮಾಣವನ್ನು 2010ರಲ್ಲಿ ಹದಿನೆಂಟಕ್ಕೆ ಒಂದಾಗಿ ಇಳಿಸಲಾಯಿತು.

2018ರ ಮಾರ್ಚಿ 5ರ ‘ಟೈಮ್’ ಪತ್ರಿಕೆ ತನ್ನ ಇತಿಹಾಸದಲ್ಲಿಯೇ ಮೊದಲ ಬಾರಿಗೆ ಇಡೀ ಸಂಚಿಕೆಯನ್ನು ಒಬ್ಬ ಛಾಯಾಗ್ರಾಹಕನಿಗೆ, ಜೇಮ್ಸ್ ನಾಕ್ಟ್‌ವೇ ಅವರಿಗೆ, ಮೀಸಲಿಟ್ಟಿತು. ನೋವುನಿವಾರಕ ಗುಳಿಗೆಗಳಿಂದ ಮೊದಲಾದ ಆ ಹೊಸ ಪಿಡುಗು ಬಿಳಿಯರ ಸಣ್ಣ ಊರುಗಳನ್ನು ಆಕ್ರಮಿಸಿದ್ದಿತು. ಅಪರಾಧವೆಂಬ ಮಾತಿನ ಸ್ಥಾನದಲ್ಲಿ ರೋಗವೆಂಬ ಮಾತು ಆ ವೇಳೆಗೆ ರೂಢಿಗೆ ಬಂದುದನ್ನು ಅನೇಕರು ಗಮನಿಸಿದರು. ಮಾತು ಸುಧಾರಿಸಿದ್ದು ಒಳ್ಳೆಯದೇ. ಯಾರ ಸರದಿ ಬಂದಾಗ ಸುಧಾರಿಸಿತೆಂಬುದು ಮಾತ್ರ ಇತಿಹಾಸಕಾರನ ಟಿಪ್ಪಣಿಗೆ ಸೇರಬೇಕು. ಅಲ್ಲಿಯೂ ಚಿತ್ರಗಳ ಸ್ಥಳ ಬಹುಪಾಲು ರಸ್ತೆ, ಸೇತುವೆಯ ಅಡಿ, ಸೆರೆಮನೆ.

ಈ ಪರಂಪರೆಯಲ್ಲಿ ನಮಗೆ ಅತ್ಯಂತ ವಿಶ್ವಸನೀಯವಾಗಿ ತೋರುವ ಕೃತಿ ಛಾಯಾಗ್ರಾಹಕನೊಬ್ಬನದೇ ಅಲ್ಲ. ಮಾನವಶಾಸ್ತ್ರಜ್ಞ ಫಿಲಿಪ್ ಬುರ್ಗ್ವಾ ಮತ್ತು ಛಾಯಾಗ್ರಾಹಕ ಜೆಫ್ ಶಾನ್‌ಬರ್ಗ್ ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ, 1994ರ ನವೆಂಬರಿನಿಂದ 2006ರ ಡಿಸೆಂಬರಿನವರೆಗೆ ಹನ್ನೆರಡು ವರ್ಷ, ಹೆದ್ದಾರಿಯ ಮೇಲ್ಸೇತುವೆಗಳ ಅಡಿಯಲ್ಲಿಯೂ ಪೊದೆಗಳಲ್ಲಿಯೂ ಬದುಕುತ್ತಿದ್ದ ಹೆರಾಯಿನ್ ವ್ಯಸನಿಗಳ ಗುಂಪಿನೊಡನೆ ಒಡನಾಡಿ ಬರೆದ ಗ್ರಂಥವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ 2009ರಲ್ಲಿ ಪ್ರಕಟಿಸಿತು. ಬಡಾವಣೆಗೆ ಕಲ್ಪಿತವಾದ ಹೆಸರು ಕೊಟ್ಟಿದ್ದಾರೆ. ಇಲ್ಲಿ ಚಿತ್ರ ಅಲಂಕಾರವಲ್ಲ, ಕ್ಷೇತ್ರಕಾರ್ಯದ ಟಿಪ್ಪಣಿಯ ಜತೆಗಿರುವ ಇನ್ನೊಂದು ಟಿಪ್ಪಣಿ. ಒಂದು ನಿದರ್ಶನ ಸಾಕು. ಸೂಜಿಯನ್ನು ಹಂಚಿಕೊಳ್ಳುವಿರಾ ಎಂದು ಆರೋಗ್ಯ ಸಮೀಕ್ಷೆಯವರು ಕೇಳಿದರೆ ಇಲ್ಲವೆಂಬ ಉತ್ತರ ಬರುತ್ತಿದ್ದಿತು. ಉತ್ತರ ಅಕ್ಷರಶಃ ನಿಜವೂ ಆಗಿರಬಹುದಿತ್ತು. ಆದರೆ ಇಬ್ಬರು ಮೂವರು ಕಾಸು ಕೂಡಿಸಿ ಒಂದು ಪೊಟ್ಟಣ ಕೊಂಡು, ಒಂದೇ ಲೋಹದ ಮುಚ್ಚಳದಲ್ಲಿ ಕಾಯಿಸಿ, ಒಂದೇ ಹತ್ತಿಯ ಉಂಡೆಯ ಮೂಲಕ ತಮ್ಮ ತಮ್ಮ ಸೂಜಿಗೆ ಎಳೆದುಕೊಳ್ಳುತ್ತಿದ್ದುದು ಹತ್ತಿರವಿದ್ದು ನೋಡಿದವರಿಗೆ ಕಂಡಿತು. ಯಕೃತ್ತಿನ ರೋಗ ಹರಡಲು ಅಷ್ಟು ಸಾಕು. ಹಂಚಿಕೊಳ್ಳದಿದ್ದರೆ ಮರುದಿನ ಚಳಿಜ್ವರದಂತಹ ಹಿಂಸೆಯಲ್ಲಿ ತನಗೆ ಯಾರೂ ಕೊಡುವವರಿಲ್ಲವೆಂಬುದು ಪ್ರತಿಯೊಬ್ಬನಿಗೂ ಗೊತ್ತಿದ್ದಿತು; ಕೊಡುವುದು ಅಲ್ಲಿ ಮೌಢ್ಯವಲ್ಲ, ಬದುಕಿನ ಕಟ್ಟಳೆ. ಪ್ರಶ್ನಪತ್ರಿಕೆಗೆ ಸಿಗದ ಈ ಸಂಗತಿಗೆ ಚಿತ್ರ ಸಾಕ್ಷಿಯಾಯಿತು.

ಈ ಲೇಖನದೊಡನೆ ಯಾವ ಚಿತ್ರವನ್ನೂ ಅಚ್ಚು ಹಾಕಿಸದಿರಲು ನಾವು ನಿಶ್ಚಯಿಸಿದ್ದೇವೆ. ಇದಕ್ಕೆ ಆಕ್ಷೇಪವಿದೆಯೆಂದು ಬಲ್ಲೆವು. ಚಿತ್ರವಿಲ್ಲದೆ ಚಿತ್ರಚರ್ಚೆಯೆ ಎಂದು ಕೇಳಿದ ಮಿತ್ರರುಂಟು. ಅಲಂಕಾರಕ್ಕಾಗಿ ಒಂದು ಮುಖವನ್ನು ಕಿತ್ತು ತಂದು, ಅವರು ಯಾರು, ಯಾರು ಒಳಗೆ ಬಿಟ್ಟರು ಎಂಬ ವಿವರವಿಲ್ಲದೆ ಎರಡಂಗುಲಕ್ಕೆ ಕುಗ್ಗಿಸಿ ಮುದ್ರಿಸುವುದು ನಮಗೆ ಒಗ್ಗಲಿಲ್ಲ. ಮೂಲ ಗ್ರಂಥಗಳನ್ನು ಆದಿಯಿಂದ ಅಂತ್ಯದವರೆಗೆ, ಮಾತುಸಹಿತವಾಗಿ ನೋಡುವುದೇ ಲೇಸು. ಆದರೆ ಮುಖವನ್ನು ಮರೆಮಾಡುವುದೇ ಗೌರವವೆಂಬ ನಮ್ಮ ಈ ನಿಲುವಿಗೆ ಸ್ಯಾನ್ ಫ್ರಾನ್ಸಿಸ್ಕೋದ ಸೇತುವೆಯಡಿಯವರು ಒಪ್ಪುತ್ತಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಲೇಬೇಕು. ತಮ್ಮ ಹೆಸರು ಬದಲಾದರೂ ಮುಖವನ್ನು ಅಳಿಸಬಾರದೆಂದು, ತಮ್ಮ ಕಷ್ಟ ಕಾಣುವುದು ಮುಖದಲ್ಲಿಯೇ ಎಂದು ಅವರಲ್ಲಿ ಹಲವರ ಭಾವನೆಯಾಗಿದ್ದಿತು. ಗ್ರಂಥಕರ್ತರು ಅದರಂತೆ ನಡೆದರು. ಗ್ರಂಥ ಅಚ್ಚಾಗಿ ಬಂದಾಗ ಅದನ್ನು ನೋಡಲು ಅವರಲ್ಲಿ ಕೆಲವರು ಬದುಕಿರಲಿಲ್ಲ.